ಹಿಡಿದವನೇ ಬಿಡಬೇಕು

೧೯೯೬ನೇ ಇಸವಿ ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ಶ್ರೀರಂಗಪಟ್ಟಣದ ಠಾಣೆಯ ಮುಂದೆ ಬಿಳಿ ಮಾರುತಿ ವ್ಯಾನು ಬಂದು ನಿಂತಿತು. ಇಳಿದವನು ಮಂಜುನಾಥ. ಕಾವೇರಿ ದಡದಲ್ಲಿ ‘ಹೊಳೆದಂಡೆ ವಿಹಾರಧಾಮ’ ಅಂತ ಒಂದು ಪ್ರವಾಸಿ ತಾಣ ಕಟ್ಟಿ ನಾಲ್ಕು ವರ್ಷದಲ್ಲಿ ನಾಲ್ಕೂರಿಗೆ ಬೇಕಾದವನಾಗಿದ್ದ. ಬೆರಳಲ್ಲಿ ಎರಡು ಉಂಗುರ, ಕೈಯಲ್ಲಿ ಟೈಪು ಮಾಡಿಸಿದ ದೂರು.

ದೂರು ತೆಗೆದುಕೊಂಡ ಸಬ್ ಇನ್ಸ್‌ಪೆಕ್ಟರ್ ಸುಬ್ರಹ್ಮಣ್ಯ ಹೊಸಹೊಳಲಿನ ಅಕ್ಕಸಾಲಿಗರ ಮನೆಯ ಮಗ. ಅಪ್ಪ ಗುಲಗಂಜಿ ತೂಕದ ಚಿನ್ನಕ್ಕೆ ದಿನವಿಡೀ ಕಣ್ಣು ಕೀಲಿಸಿ ಕೂತವನು. ಮಗ ಲಾಠಿ ಹಿಡಿದರೂ ಕಣ್ಣು ಮಾತ್ರ ಅಪ್ಪನದೇ ಬಂದಿತ್ತು. ದೂರನ್ನು ಎರಡು ಸಲ ಓದಿ ಕೇಳಿದ.

“ಏನೇನು ಹೋಗಿದೆ?”

“ಹಕ್ಕಿ ಸಾರ್. ನಮ್ಮ ಹಕ್ಕಿಮನೇಲಿದ್ದ ಗಿಳಿ, ಗೊರವಂಕ, ಕೌಜುಗ, ಒಂದೂ ಬುಡದಂಗೆ.”

“ಯಾರ ಮೇಲೆ ಅನುಮಾನ?”

“ಅನುಮಾನ ಏನ್ ಬಂತು ಸಾರ್, ಗ್ಯಾರಂಟಿ. ಹಕ್ಕಿಪಿಕ್ಕಿ ರೈಲು. ನೋಡ್ಕಳಕ್ಕೆ ಅಂತ ಅವನನ್ನೇ ಮಡಗಿದ್ದೆ. ಬೆಳಿಗ್ಗೆ ನೋಡುದ್ರೆ ಹಕ್ಕಿನೂ ಇಲ್ಲ, ಅವನೂ ಇಲ್ಲ.”

ಹಕ್ಕಿಪಿಕ್ಕಿಗಳು ಹೊಸದಾಗಿ ಕಂಡದ್ದರ ಹೆಸರನ್ನು ಮಕ್ಕಳಿಗೆ ಇಟ್ಟುಬಿಡುತ್ತಾರೆ ಎಂಬುದು ಸುಬ್ರಹ್ಮಣ್ಯನಿಗೆ ಗೊತ್ತಿತ್ತು. ಬಲೆ ಹೊತ್ತು ಅಲೆಯುವ ಜನ ಪಾಂಡವಪುರ ಸ್ಟೇಷನ್ನಿನ ಬೇಲಿಯಾಚೆ ಬೀಡುಬಿಟ್ಟಿದ್ದಾಗ ಹುಟ್ಟಿದ ಮಗು ರೈಲು. ಅದರಲ್ಲಿ ನಗುವಂಥದ್ದೇನೂ ಅವನಿಗೆ ಕಾಣಲಿಲ್ಲ. ಆದರೆ ದೂರಿನ ಮುಂದಿನ ಸಾಲಿನ ಕೆಳಗೆ ಬೆರಳಿಟ್ಟ. ‘ರೈಲು ಹಾಗೂ ದೇವಲಾಪುರದ ಹತ್ತಿರದ ಹಕ್ಕಿಪಿಕ್ಕಿ ಕಾಲೋನಿಯ ಹದಿನೇಳು ಮನೆಗಳ ಗಂಡಸರು ಸೇರಿ’ ಎಂದಿತ್ತು.

“ಹದಿನೇಳು ಮನೆಯವರು ಬಂದಿದ್ದನ್ನ ಕಂಡವರು ಯಾರು?”

“ಕಾಣೋದೇನು ಸಾರ್, ಒಬ್ಬನ ಕೈಲಾಗೋ ಕೆಲ್ಸ್ವಾ ಅದು? ಅಷ್ಟು ಜನಾನೂ ಎತ್ತಾಕಂಡ್ ಬನ್ನಿ. ಎರಡು ದಿನ ಕೂರ್ಸಿ. ಆಮ್ಯಾಕೆ ನಾನೇ ಬಂದು ರಾಜಿ ಮಾಡ್ಕಂಡು ಬುಡುಸ್ಕೊಂಡು ಓಯ್ತೀನಿ.”

“ಬಿಡಿಸಿಕೊಂಡು ಎಲ್ಲಿಗೆ?”

“ಕೆಲ್ಸಕ್ಕೆ. ಯುಗಾದಿ ರಜಕ್ಕೆ ಜನ ಬತ್ತಾರೆ. ನಮ್ಮಲ್ಲಿ ಆದಿವಾಸಿ ಹಟ್ಟಿ ಅಂತ ಮಾಡಿವ್ನಿ ಸಾರ್. ಗುಡಿಸಲು, ಒಲೆ, ಬಲೆ ಎಲ್ಲಾ ಅದೆ. ಜನ ಫೋಟೋ ತಕ್ಕೋತಾರೆ. ರೈಲು, ಅವನೆಂಡ್ರು ಇಬ್ಬರೇ ಇದ್ರು. ಇನ್ನೂ ನಾಲ್ಕು ಸಂಸಾರ ಬೇಕು. ಕರುದ್ರೆ ಬರಾಕಿಲ್ಲ ಅಂತಾವೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅಧಿಕಾರಿಗಳು ಇಲಾಖೆಯಲ್ಲಿ ಬೇಕಾದಷ್ಟಿದ್ದರು. ಸುಬ್ರಹ್ಮಣ್ಯ ಆ ಪೈಕಿಯವನಲ್ಲ. ಮೊಕದ್ದಮೆ ಸಂಖ್ಯೆ ೩೪/೯೬, ದಂಡಸಂಹಿತೆ ಕಲಂ ೩೮೧, ನೌಕರನಿಂದ ಕಳವು ಎಂದು ಎಫ್‌ಐಆರ್ ಬರೆದ. ಆರೋಪಿಯ ಕಾಲಮಿನಲ್ಲಿ ರೈಲು, ಅನುಮಾನಿತ ಎಂದಷ್ಟೇ ಬರೆದು ಗೆರೆ ಎಳೆದ.

“ಮಿಕ್ಕೋರು?” ಎಂದ ಮಂಜುನಾಥ.

“ಮಿಕ್ಕವರ ಹೆಸರು ತನಿಖೆಯಲ್ಲಿ ಬಂದರೆ ಬರೆಯೋಣ.”

ಮಂಜುನಾಥ ಎದ್ದ. ಸರ್ಕಲ್ ಸಾಹೇಬರಿಗೆ ಒಂದು ಮಾತು ಹೇಳುತ್ತೇನೆ ಎಂದು ಗೋಡೆಯ ಕಡೆ ನೋಡಿಕೊಂಡು ಹೇಳಿ ಹೋದ.

ಹತ್ತೂ ಕಾಲಿಗೆ ಸ್ಥಳ ಪಂಚನಾಮೆ. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಚೌಡಯ್ಯ. ತೊಣ್ಣೂರಿನ ಕಡೆಯ ಒಕ್ಕಲು ಮನೆತನದವನು, ಇನ್ನು ಎರಡು ವರ್ಷಕ್ಕೆ ನಿವೃತ್ತಿ. ಕಾನೂನಿಗಿಂತ ಕೋಳಿಯ ವಿಷಯ ಚೆನ್ನಾಗಿ ಗೊತ್ತು ಎಂದು ಠಾಣೆಯ ಹುಡುಗರು ಅವನನ್ನು ರೇಗಿಸುತ್ತಿದ್ದರು.

ಹಕ್ಕಿಮನೆ ಎಂದರೆ ಕಬ್ಬಿಣದ ಜಾಲರಿಯ ದೊಡ್ಡ ಕೋಣೆ. ಬೀಗ ಒಡೆದಿರಲಿಲ್ಲ. ಕಳ್ಳ ಬಾಗಿಲು ತೆಗೆದು, ಕೆಲಸ ಮುಗಿಸಿ, ಮತ್ತೆ ಬಾಗಿಲು ಹಾಕಿ, ಬೀಗ ತಗುಲಿಸಿ, ಬೀಗದ ಕೈಯನ್ನು ವಿಹಾರಧಾಮದ ರಾತ್ರಿ ಕಾವಲಿನವನ ಕೋಣೆಯ ಮೊಳೆಗೇ ನೇತುಹಾಕಿ ಹೋಗಿದ್ದ. ಒಳಗೆ ಒಂದು ಹನಿ ರಕ್ತವಿಲ್ಲ, ಒಂದು ಸತ್ತ ಹಕ್ಕಿಯಿಲ್ಲ. ಕಾವಲಿನವನು ಬೆಳಗಿನ ಏಳಕ್ಕೆ ನೀರು ಬಿಡಲು ಬಂದಾಗಲೇ ಖಾಲಿಯಾಗಿತ್ತಂತೆ.

ಸುಬ್ರಹ್ಮಣ್ಯ ಮಂಡಿಯೂರಿ ಕೂತು ನೆಲ ನೋಡತೊಡಗಿದ. ಪಂಚರಿಗೆ ಬೇಸರ ಬರುವಷ್ಟು ಹೊತ್ತು ಹಾಗೇ ಕೂತಿದ್ದ. ಕಡೆಗೆ ಬೆರಳ ತುದಿಯಲ್ಲಿ ಏನನ್ನೋ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟ. ಕರಿ ನೂಲಿನ ಚೂರು, ಅಕ್ಕಿಕಾಳಿನಷ್ಟೂ ಇಲ್ಲ. ಹುಡುಕಿದರೆ ಒಂದೇ ಮೂಲೆಯಲ್ಲಿ ಅಂಥವು ಹತ್ತಾರು. ಎಲ್ಲವೂ ಹರಿತವಾದ ಕತ್ತರಿಯಿಂದ ಕತ್ತರಿಸಿದವು.

“ಇಲ್ಲಿ ಯಾವ ಹಕ್ಕಿ ಇತ್ತು?”

“ಕೌಜುಗ,” ಎಂದ ಮಂಜುನಾಥ.

“ಈ ನೂಲು ಏನು?”

“ಗೊತ್ತಿಲ್ಲ ಸಾರ್. ನಾವೇನೂ ಮಾಡಿಲ್ಲ.”

ಏನು ಮಾಡಿದಿರಿ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಚೌಡಯ್ಯ ಪಂಚರ ಕಡೆ ತಿರುಗಿ ಗೊಣಗಿದ. ಅವನೇ ಆಮೇಲೆ ಹೊಳೆಯ ಕಡೆಯ ಹೊಂಗೆ ಮರದ ಕವಲಿನಲ್ಲಿ ಒಂದು ಗಂಟು ಕಂಡು ಇಳಿಸಿಕೊಂಡು ಬಂದ. ಹಳೇ ಸೀರೆಯ ಅಂಚಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದ ಗಂಟು. ಬಿಚ್ಚಿದರೆ ರೆಕ್ಕೆಯ ಗರಿಗಳ ಬುಡಗಳು, ಬೊಗಸೆ ತುಂಬ. ಒಂದಕ್ಕೂ ತುದಿಯಿಲ್ಲ.

“ರೆಕ್ಕೆ ಕತ್ತರುಸ್ತೀವಿ ಸಾರ್. ಇಲ್ದಿದ್ರೆ ಶೋ ಟೈಮಲ್ಲಿ ಮ್ಯಾಲಿನ ಜಾಲ್ರಿಗೆ ಅಂಟ್ಕೊಂಡ್ಬುಡ್ತವೆ, ಜನಕ್ಕೆ ಕಾಣಾಕಿಲ್ಲ,” ಎಂದ ಮಂಜುನಾಥ.

ಚೌಡಯ್ಯ ಒಂದು ಬುಡವನ್ನು ಬೆಳಕಿಗೆ ಹಿಡಿದ.

“ಸಾ, ಇದು ಕತ್ತರ್ಸಿದ್ದಲ್ಲ. ಕತ್ತರ್ಸಿ ಉಳಿದಿದ್ದನ್ನ ಬೇರ್ ಸಮೇತ ಕಿತ್ತಿರಾದು. ನಮ್ಮನೆ ಕೋಳಿ ರೆಕ್ಕೆ ಕತ್ತರ್ಸುದ್ರೆ ಮುಂದಿನ ಗರಿ ಉದ್ರೋ ಕಾಲದ ಗಂಟ ಅಂಗೇ ಇರ್ತದೆ. ಬುಡ ಕಿತ್ತಾಕಿದ್ರೆ ಒಂದೂವರೆ ತಿಂಗಳಿಗೆ ಹೊಸದು ಬಂದ್ಬುಡ್ತದೆ.”

ಸುಬ್ರಹ್ಮಣ್ಯ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದ. ಜನವರಿಯ ಕೊನೆ. ದಿನಕ್ಕೆ ಒಂದೆರಡು ಹಕ್ಕಿ ಹಿಡಿದು, ಯಾರಿಗೂ ಕಾಣದಂತೆ, ಒಂದೊಂದೇ ಬುಡ ಕಿತ್ತು, ಗರಿ ಬೆಳೆಯುವ ತನಕ ಕಾದಿದ್ದಾನೆ. ಆಮೇಲೆ ಬಾಗಿಲು ತೆರೆದಿದ್ದಾನೆ. ಮಾರುವುದಕ್ಕೆ ಕದಿಯುವವನಿಗೆ ಗರಿ ಯಾಕೆ ಬೇಕು? ಇವನು ಹಕ್ಕಿಗಳನ್ನು ಒಯ್ದಿಲ್ಲ, ಹಾರಿಸಿದ್ದಾನೆ. ಆದರೆ ಇನ್ನೊಂದು ಪ್ರಶ್ನೆ ಉಳಿಯಿತು. ಹತ್ತು ಹೆಜ್ಜೆಯಾಚೆ ಕಾವೇರಿ ಹರಿಯುತ್ತಿದೆ. ಸಾಕ್ಷಿಯನ್ನು ಹೊಳೆಗೆ ಎಸೆಯುವುದು ಬಿಟ್ಟು ಗಂಟು ಕಟ್ಟಿ ಮರದಲ್ಲಿಟ್ಟ ಕಳ್ಳ ಎಂಥವನು?

“ಹಕ್ಕಿ ಇಟ್ಕೊಳ್ಳೋಕೆ ಅರಣ್ಯ ಇಲಾಖೆ ಪರವಾನಗಿ?” ಎಂದು ಏಳುತ್ತಾ ಕೇಳಿದ.

“ಅರ್ಜಿ ಹಾಕಿವ್ನಿ ಸಾರ್. ಎಲ್ಲಾ ಪಂಜರದ ಹಕ್ಕಿ, ಮೈಸೂರಲ್ಲಿ ಕೊಂಡ್ಕೊಂಡಿದ್ದು.”

ಗಂಟು, ನೂಲು ಎರಡೂ ಜಪ್ತಿ ಪಟ್ಟಿಗೆ ಸೇರಿದವು. ಠಾಣೆಗೆ ಮರಳುವಷ್ಟರಲ್ಲಿ ಸರ್ಕಲ್ ಇನ್ಸ್‌ಪೆಕ್ಟರರ ಫೋನು ಬಂದಿತ್ತು. ಬುಧವಾರ ಬೆಳಿಗ್ಗೆಯೊಳಗೆ ಆರೋಪಿ ಸಿಗದಿದ್ದರೆ ಕಾಲೋನಿಯ ಗಂಡಸರನ್ನೆಲ್ಲ ಕರೆತರಲು ವ್ಯಾನು ಕಳಿಸುತ್ತೇನೆ ಎಂದು ಹೇಳಿದ್ದರು.

ಮಧ್ಯಾಹ್ನ ಮೂರಕ್ಕೆ ಜೀಪು ಪಾಂಡವಪುರ ದಾಟಿ, ನಾಗಮಂಗಲ ತಾಲ್ಲೂಕು ಹೊಕ್ಕು, ದೇವಲಾಪುರದಾಚೆಯ ಕಾಲೋನಿ ಮುಟ್ಟಿತು. ಸರ್ಕಾರ ಕಟ್ಟಿಸಿದ ಹದಿನೇಳು ಹೆಂಚಿನ ಮನೆ, ಒಂದು ಬೋರು, ಸುತ್ತ ಹುರುಳಿ ಕಿತ್ತ ಹೊಲ. ಬೇಟೆ ನಿಂತ ಮೇಲೆ ಹೆಂಗಸರು ಪ್ಲಾಸ್ಟಿಕ್ ಹೂವು ಕಟ್ಟಿ ಸಂತೆಗೆ ಒಯ್ಯುತ್ತಿದ್ದರು. ಜೀಪು ಕಂಡರೂ ಗಂಡಸರು ಮನೆಯೊಳಗೆ ಓಡಲಿಲ್ಲ. ಹೊರಗೆ ಬಂದು ಸಾಲಾಗಿ ನಿಂತರು. ಆ ನಿಲುವು ನೋಡಿ ಸುಬ್ರಹ್ಮಣ್ಯನಿಗೆ ನಾಚಿಕೆಯಾಯಿತು. ಸುತ್ತಮುತ್ತ ಎಲ್ಲಿ ಕೋಳಿ ಕಳುವಾದರೂ ಜೀಪು ಇಲ್ಲಿಗೆ ಬರುತ್ತದೆ ಎಂಬುದನ್ನು ಅವರು ನಿಂತೇ ಹೇಳುತ್ತಿದ್ದರು.

ಮಾತಿಗೆ ಮುಂದೆ ಬಂದವಳು ರೈಲುವಿನ ಹೆಂಡತಿ, ಕಾಫಿ. ಐವತ್ತರ ಹತ್ತಿರದ, ನೆಟ್ಟಗೆ ನಿಲ್ಲುವ ಹೆಂಗಸು.

“ನಿನ್ನ ಗಂಡ ಎಲ್ಲಿ?”

“ಇಲ್ಲ.”

“ಯಾವಾಗ ಬಂದ?”

“ಬಂದಾಗ ಬಂದ.”

“ಹಕ್ಕಿ ಎಲ್ಲಿಗೆ ಹೋದವು?”

“ರೆಕ್ಕೆ ಇರಾದು ಅವ್ಕೆ. ನನ್ನ ಕೇಳುದ್ರೆ?”

ಚೌಡಯ್ಯ ಬಾಯಿ ತೆರೆಯುವಷ್ಟರಲ್ಲಿ ಸುಬ್ರಹ್ಮಣ್ಯ ಕೈ ಅಡ್ಡ ಹಿಡಿದು, ಜೀಪಿನ ಬಾನೆಟ್ಟಿನ ಮೇಲೆ ಗಂಟು ಬಿಚ್ಚಿದ. ಗಾಳಿಗೆ ನಾಲ್ಕಾರು ಬುಡಗಳು ಹಾರಿ ನೆಲಕ್ಕೆ ಬಿದ್ದವು. ಸಾಲಾಗಿ ನಿಂತಿದ್ದ ಜನವೆಲ್ಲ ಒಮ್ಮೆಗೇ ಮುಂದೆ ನುಗ್ಗಿತು. ಚೌಡಯ್ಯ ಲಾಠಿ ಎತ್ತಿದ. ಯಾರೂ ಅವನನ್ನು ನೋಡಲಿಲ್ಲ. ಗಂಡಸರು, ಹೆಂಗಸರು ನೆಲಕ್ಕೆ ಬಗ್ಗಿ ಒಂದೊಂದೇ ಬುಡ ಆರಿಸಿ, ಹಣೆಗೆ ಮುಟ್ಟಿಸಿ, ಮತ್ತೆ ಬಟ್ಟೆಗೆ ಹಾಕಿದರು.

“ನೆಲಕ್ಕಿಕ್ಕಬ್ಯಾಡ ಸ್ವಾಮಿ,” ಎಂದಳು ಕಾಫಿ. ಅವಳ ದನಿ ಮೊದಲ ಬಾರಿಗೆ ಬದಲಾಗಿತ್ತು. “ಸತ್ತ ಹಕ್ಕಿ ಗರಿ ಎಲ್ ಬೇಕಾರೂ ಎಸಿ. ಬದುಕಿರೋ ಹಕ್ಕಿ ಮೈಯಿಂದ ಕಿತ್ತದ್ನ ಕಾಲಲ್ಲಿ ತುಳೀಬಾರ್ದು, ನೀರಿಗೂ ಹಾಕ್ಬಾರ್ದು. ಮರಕ್ಕೇ ಕೊಡಬೇಕು. ನಮ್ಮ ಹಿರೀಕರು ಇಟ್ಟ ಕಟ್ಟಲೆ.”

ಬೇರೆ ಯಾವ ಕಳ್ಳನೂ ಮಾಡದ ತಪ್ಪು ಅದು. ಸುಬ್ರಹ್ಮಣ್ಯ ಗಂಟನ್ನು ತಾನೇ ಕಟ್ಟಿ ಅವಳ ಕೈಗೆ ಕೊಟ್ಟು ಹಿಡಿದುಕೊಳ್ಳಲು ಹೇಳಿದ. ಆಮೇಲೆ ನೂಲಿನ ಚೂರು ತೋರಿಸಿದ.

“ಕಣ್ಣಿಂದು,” ಎಂದಳು. “ಹಿಡಿದ ಹಕ್ಕಿ ಗಾಬ್ರಿ ಬಿದ್ದು ತಲೆ ಚಚ್ಕೊಂಡು ಸಾಯ್ತದೆ. ಅದಕ್ಕೆ ರೆಪ್ಪೆಗೆ ಒಂದು ಹೊಲಿಗೆ. ಹತ್ತು ದಿನಕ್ಕೆ ಬಿಚ್ಚಬೇಕು. ಹೊಲಿದ ಕೈಯೇ ಬಿಚ್ಚಬೇಕು, ಹಿಡಿದವನೇ ಬುಡಬೇಕು. ಆ ಮಂಜುನಾಥಪ್ಪ ಕೌಜುಗದ ಕಣ್ಣು ಬಿಚ್ಚಕ್ಕೇ ಬುಡಲಿಲ್ಲ. ಕುಲ್ಡಾಗಿದ್ರೆ ಕದಲ್ದಂಗೆ ಕೂತ್ಕಂಡು ಕೂಗಿಗೆ ಕೂಗು ಕೊಡ್ತದೆ, ಜನ ಚಪ್ಪಾಳೆ ಹೊಡೀತಾರೆ ಅಂದ. ಎಂಟು ತಿಂಗಳು ಸ್ವಾಮಿ.”

“ಹಿಡಿದದ್ದು ಯಾರು? ಮೈಸೂರಲ್ಲಿ ಕೊಂಡದ್ದು ಅಂತಾನೆ ಅವನು.”

ಕಾಫಿ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಅದರಲ್ಲಿ ನಾಲ್ಕು ಮಡಿಕೆಯ ಕಾಗದ. “ಬೇಟೆ ಬುಟ್ಟು ಐದೊರ್ಸ ಆಗಿತ್ತು. ಸರ್ಕಾರನೇ ಪರ್ಮಿಸನ್ ಕೊಟ್ಟದೆ, ಹಿಡಿ ಅಂದ. ಈ ಕಾಗ್ದ ಕೊಟ್ಟ. ಸೀಲದೆ ನೋಡು.”

ಸೀಲು ಇತ್ತು. ಅರಣ್ಯ ಇಲಾಖೆಯದೇ, ಗುಂಡಗೆ, ನೇರಳೆ ಬಣ್ಣದ್ದು. ಅದರ ಕೆಳಗೆ ‘ಅರ್ಜಿ ತಲುಪಿದೆ’ ಎಂದು ಟಪಾಲು ಗುಮಾಸ್ತನ ರುಜು. ಹಕ್ಕಿಪಿಕ್ಕಿ ಜನರಿಂದ ಕಾಡುಹಕ್ಕಿ ಹಿಡಿಸಲು ಅನುಮತಿ ಕೋರಿ ಮಂಜುನಾಥ ಬರೆದುಕೊಂಡ ಅರ್ಜಿಯ ನಕಲು ಅದು. ಅರ್ಜಿ ಮುಟ್ಟಿದ್ದಕ್ಕೆ ಒತ್ತಿದ ಸೀಲನ್ನೇ ಅಪ್ಪಣೆ ಎಂದು ತೋರಿಸಿದ್ದ. ಓದು ಬಾರದವನ ಮುಂದೆ ಎಲ್ಲ ಸೀಲೂ ಒಂದೇ. ಸುಬ್ರಹ್ಮಣ್ಯನಿಗೆ ಮೈಯೆಲ್ಲ ಉರಿದುಹೋಯಿತು.

ಇದು ಅನುಮತಿಯಲ್ಲ ಎಂದು ಅವನು ಓದಿ ಹೇಳಿದ. ಬುಧವಾರ ವ್ಯಾನು ಬರುವ ಸಂಗತಿಯನ್ನೂ ಮುಚ್ಚಿಡಲಿಲ್ಲ. ಕಾಫಿ ತಿರುಗಿ ತಮ್ಮ ಮಾತಿನಲ್ಲಿ ಏನೋ ಹೇಳಿದಳು. ಸಾಲಿನಲ್ಲಿದ್ದ ಒಬ್ಬಿಬ್ಬರು ಉತ್ತರಿಸಿದರು.

“ನೀನು ಹುಡುಕ್ಬ್ಯಾಡ,” ಎಂದಳು. “ನಾಳೆ ಬೆಳಿಗ್ಗೆ ಅವನೇ ಬತ್ತಾನೆ.”

“ಬರದಿದ್ದರೆ?”

“ನಾನು ಬತ್ತೀನಿ. ಆದ್ರೆ ಆ ಹಟ್ಟಿಗೆ ಮಾತ್ರ ನಮ್ಮೋರು ಯಾರೂ ಓಗಾಕಿಲ್ಲ. ವ್ಯಾನ್ ಬರ್ಲಿ, ರೈಲೇ ಬರ್ಲಿ.”

ಜೀಪು ಹೊರಟು ಕೆ.ಆರ್. ಪೇಟೆ ರಸ್ತೆಯ ಕೂಡುದಾರಿಗೆ ಬಂತು. ಚೌಡಯ್ಯ, “ಕೈಗೆ ಸಿಕ್ಕಿದ ಜನಾನ ಬುಟ್ಟು ಬಂದ್ರಲ್ಲ ಸಾ, ನಾಳೆ ಅವನು ಬರ್ದೇ ಓದ್ರೆ ನಿಮ್ಮ ಬೆಲ್ಟಿಗೇ ಬತ್ತದೆ,” ಎಂದ. ಸುಬ್ರಹ್ಮಣ್ಯನಿಗೂ ಅದೇ ಭಯವಿತ್ತು.

ಮಂಗಳವಾರ ಒಂಬತ್ತು ಇಪ್ಪತ್ತಕ್ಕೆ ರೈಲು ಠಾಣೆಯ ಮೆಟ್ಟಿಲು ಹತ್ತಿದ. ಒಣಗಿದ ಮೈ, ಒಗೆದ ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ವಸ್ತ್ರ. ಕೂರು ಎಂದರೆ ಬೆಂಚಿನ ಮೇಲೇ ಕೂತ. ನೆಲದ ಮೇಲೆ ಕೂರುತ್ತಾನೆಂದುಕೊಂಡಿದ್ದ ಸೆಂಟ್ರಿ ಅವನನ್ನೇ ನೋಡಿದ.

“ಬಾಗಿಲು ತೆಗೆದದ್ದು ಯಾರು?”

“ನಾನು.”

“ಜೊತೆಗೆ ಯಾರಿದ್ದರು?”

“ನನ್ನ ಕತ್ತರಿ.”

“ಎಷ್ಟು ಹೊತ್ತಿಗೆ?”

“ಮೂಡ್ಲು ಕೆಂಪಾಗೋ ಹೊತ್ತಿಗೆ. ಕೌಜುಗದ ಕಣ್ಣು ಬಿಚ್ಚಿದ್ಮೇಲೆ ಬೆಳಕಿಗೆ ಒಗ್ಗಕ್ಕೆ ವಸಿ ಹೊತ್ತು ಬೇಕಾಯ್ತದೆ. ಕಾದೆ. ಆಮ್ಯಾಕೆ ಬುಟ್ಟೆ.”

ಸುಬ್ರಹ್ಮಣ್ಯ ಪೆನ್ನು ಕೆಳಗಿಟ್ಟ. ಸೆಂಟ್ರಿಯನ್ನು ಹೊರಗೆ ಕಳಿಸಿ, ಅಧಿಕಾರಿಯ ಬಾಯಲ್ಲಿ ಬರಬಾರದ ಮಾತನ್ನು ಹೇಳಿದ.

“ನೋಡಯ್ಯಾ. ಕಾಡುಹಕ್ಕಿ ಯಾರ ಸ್ವಂತ ಸೊತ್ತೂ ಅಲ್ಲ. ಕಳವಿನ ಕೇಸು ಕೋರ್ಟಲ್ಲಿ ನಿಲ್ಲೋದು ಕಷ್ಟ, ಬೇಗ ಜಾಮೀನು ಸಿಕ್ಕುತ್ತೆ. ಆದರೆ ನೀನೇ ಹಿಡಿದೆ ಅಂತ ಹೇಳಿದರೆ ವನ್ಯಜೀವಿ ಕಾಯಿದೆ ಬರುತ್ತೆ. ಅದು ಜೈಲಿನ ಮಾತು. ನಾನು ಅದನ್ನ ಕೇಳಲ್ಲ. ನೀನೂ ಹೇಳಬೇಡ.”

“ನಾನು ಹೇಳ್ದಿದ್ರೆ ಅವ್ನಿಗೇನಾಯ್ತದೆ?”

“ಏನೂ ಆಗಲ್ಲ. ಬರೀ ಅರ್ಜಿ ಹಾಕೋದು ತಪ್ಪಲ್ಲ. ಹಿಡಿಸಿದ ಅಂತ ಹೇಳೋಕೆ ಹಿಡಿದವನು ಬೇಕು.”

“ಅಂಗಾರೆ ಬರಿ,” ಎಂದ ರೈಲು. “ನಾನೇ ಹಿಡ್ದೆ, ಅವನು ಹಿಡುಸ್ದ. ನನ್ ಮ್ಯಾಲೂ ಹಾಕು, ಅವನ್ ಮ್ಯಾಲೂ ಹಾಕು. ನಾನು ಬಾಯ್ ಮುಚ್ಕೊಂಡ್ ಮನೆಗೋದ್ರೆ ಬರೋ ರಜಕ್ಕೆ ಮತ್ತೆ ನಮ್ಮ ಹದಿನೇಳ್ ಮನೆ ಬಾಗ್ಲಿಗೆ ಬತ್ತಾನೆ. ಕಳ್ರು ಅಂತ ಹೆದ್ರುಸಿ ಎಳ್ಕಂಡೋಯ್ತಾನೆ. ಅದಾಗ್ಬಾರ್ದು.”

“ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಲ್ಲಿ ಲೆಕ್ಕಕ್ಕಿಲ್ಲ.”

“ಕೋರ್ಟ್ನಾಗೂ ಹೇಳ್ತೀನಿ. ಅಲ್ಲೂ ಸಾಲ್ದು ಅಂದ್ರೆ ಇನ್ನೂ ಮ್ಯಾಲೆ ಓಗಿ ಹೇಳ್ತೀನಿ. ನಂಗೇನು, ಆ ಹಟ್ಟೀಲಿ ಹಾಡು ಹೇಳಿ ಚಪ್ಪಾಳೆ ಹೊಡುಸ್ಕೊಂಡೋನು, ನಾಕ್ ಜನದ ಮುಂದೆ ಮಾತಾಡಕ್ಕೆ ಅಂಜ್ಕೆನಾ?”

ಸುಬ್ರಹ್ಮಣ್ಯ ಅರಣ್ಯ ಇಲಾಖೆಗೆ ಫೋನು ಮಾಡಿದ. ವಲಯ ಅರಣ್ಯಾಧಿಕಾರಿ ಶ್ರೀನಾಥ್ ಹತ್ತೂವರೆಗೆ ಬಂದು, ಮೂರು ಪುಟದ ಹೇಳಿಕೆ ಬರೆದುಕೊಂಡರು. ಕೊನೆಗೆ ಅವರೇ ಕೇಳಿದರು.

“ಆರು ತಿಂಗಳು ಸುಮ್ಮನಿದ್ದವನಿಗೆ ಜನವರಿಯಲ್ಲಿ ಏನಾಯ್ತು?”

ರೈಲು ಹೆಗಲ ಮೇಲಿನ ವಸ್ತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನನ್ ಸೊಸೆ ವೀಣ ಏಳ್ನೇ ಕ್ಲಾಸ್ ಗಂಟ ಓದವ್ಳೆ. ಸಂಕ್ರಾಂತಿಗೆ ನಮ್ಮನ್ನ ನೋಡಕ್ ಬಂದಿದ್ಲು. ಹಕ್ಕಿಮನೆ ಮುಂದೆ ಒಂದು ಬೋರ್ಡು, ನಮ್ ಗುಡಿಸ್ಲು ಮುಂದೆ ಒಂದು ಬೋರ್ಡು. ನಾವು ಹೋಟ್ಲು ಬೋರ್ಡು ಅನ್ಕಂಡಿದ್ದೋ. ಅವ್ಳು ಓದುದ್ಲು. ಗಿಳಿ ಬೋರ್ಡ್ನಾಗೆ ವಾಸ, ಆಹಾರ, ಸ್ವಭಾವ ಅಂತಿತ್ತು. ನಮ್ದ್ರಲ್ಲೂ ಅಂಗೇ ಇತ್ತು.”

ಹನ್ನೆರಡು ಗಂಟೆಗೆ ವಿಹಾರಧಾಮದಲ್ಲಿ ಎರಡನೇ ಪಂಚನಾಮೆ. ಪೊಲೀಸರು ಬರುವ ಮುನ್ನವೇ ಕಿತ್ತಿದ್ದ, ಗುಡಿಸಲ ಮುಂದಿನ ಆ ಬೋರ್ಡು ಅಲ್ಲಿನ ಅಡುಗೆಮನೆಯ ಹಿಂದೆ ಸೌದೆ ರಾಶಿಯ ಕೆಳಗೆ ಸಿಕ್ಕಿತು. ಹಸಿರು ತಗಡು, ಬಿಳಿ ಅಕ್ಷರ. ಚೌಡಯ್ಯ ಪಂಚರಿಗೆ ಕೇಳುವಂತೆ ಗಟ್ಟಿಯಾಗಿ ಓದಿದ.

“ಹಕ್ಕಿಪಿಕ್ಕಿ. ವಾಸ: ಕಾಡಂಚು. ಆಹಾರ: ಹಕ್ಕಿ, ಮೊಲ, ಗೆಡ್ಡೆ. ಸ್ವಭಾವ: ನಾಚಿಕೆ, ನಿರುಪದ್ರವಿ. ದಯವಿಟ್ಟು ತಿಂಡಿ ಎಸೆಯಬೇಡಿ.”

ಕೊನೆಯ ಸಾಲು ಮುಗಿದದ್ದೇ ಬೋರ್ಡನ್ನು ಅಕ್ಷರ ಕೆಳಗಾಗುವಂತೆ ಮಗುಚಿದ. ಮಂಜುನಾಥ ಮಾತ್ರ, “ಜನಕ್ಕೆ ತಿಳುವಳ್ಕೆ ಬರ್ಲಿ ಅಂತ ಹಾಕ್ಸಿದ್ದು ಸಾರ್,” ಎಂದ. ಅವನಿಗೆ ನಿಜವಾಗಿಯೂ ತಪ್ಪು ಕಂಡಿರಲಿಲ್ಲ. ಅರ್ಜಿಯ ನಕಲನ್ನು ಮುಂದೆ ಹಿಡಿದಾಗ ಮಾತ್ರ ಮುಖದ ಬಣ್ಣ ಇಳಿಯಿತು. ಶ್ರೀನಾಥ್ ಅವನನ್ನು ವನ್ಯಜೀವಿ ಕಾಯಿದೆಯಡಿ ದಸ್ತಗಿರಿ ಮಾಡಿ ಜೀಪು ಹತ್ತಿಸಿದರು. ಸರ್ಕಲ್ ಸಾಹೇಬರಿಗೆ ಫೋನು ಮಾಡಬೇಕು ಎಂದು ಅವನು ಮೂರು ಸಲ ಹೇಳಿದ. ಸರ್ಕಲ್ ಸಾಹೇಬರಿಗೆ ಸುಬ್ರಹ್ಮಣ್ಯನೇ ಫೋನು ಮಾಡಿ, ಇಬ್ಬರು ಆರೋಪಿಗಳು, ಇಬ್ಬರೂ ಸಿಕ್ಕಿದ್ದಾರೆ, ನಾಳೆ ವ್ಯಾನು ಬೇಡ ಎಂದು ತಿಳಿಸಿದ.

ಮಧ್ಯಾಹ್ನ ಎರಡೂ ಕಾಲಿಗೆ ರೈಲುವಿನ ದಸ್ತಗಿರಿ. ಅರಣ್ಯ ಇಲಾಖೆಯ ಪ್ರಕರಣ ಬೇರೆ ನಡೆಯುತ್ತದೆ, ಠಾಣೆಯ ಮೊಕದ್ದಮೆಯಲ್ಲಿ ಇದಾಗಲೇಬೇಕಿತ್ತು. ಸುಬ್ರಹ್ಮಣ್ಯ ಫಾರಂ ತೆಗೆದು ತಾನೇ ತುಂಬತೊಡಗಿದ.

“ಹೆಸರು?”

“ರೈಲು.”

“ತಂದೆ?”

“ಸಿಪಾಯಿ.”

“ವಯಸ್ಸು?”

“ಪಾಂಡವಪುರಕ್ಕೆ ಸಕ್ಕರೆ ಫ್ಯಾಕ್ಟ್ರಿ ಬಂದಾಗ ಬಲೆ ಹೊರ್ತಿದ್ದೆ. ಐವತ್ತು ಹಾಕ್ಕೊ.”

ಮುಂದಿನ ಕಾಲಮಿಗೆ ಬಂದಾಗ ಸುಬ್ರಹ್ಮಣ್ಯನ ಪೆನ್ನು ನಿಂತಿತು. ಫಾರಮಿನಲ್ಲಿ ‘ವಾಸ’ ಎಂದು ಅಚ್ಚಾಗಿತ್ತು. ಅವನು ತಲೆ ಎತ್ತಲಿಲ್ಲ.

“ಯಾಕ್ ನಿಲ್ಸುದ್ಯಪ್ಪಾ?” ಎಂದ ರೈಲು. “ಏನದೆ ಅದ್ರಲ್ಲಿ?”

“ವಾಸ ಅಂತ ಇದೆ.”

ರೈಲು ಅರ್ಥವಾದವನಂತೆ ತಲೆಯಾಡಿಸಿದ.

“ಕೇಳು, ಪರ್ವಾಗಿಲ್ಲ. ಬೋರ್ಡ್ ಬರೆದೋನು ನನ್ನ ಒಂದ್ ಮಾತೂ ಕೇಳ್ಲಿಲ್ಲ. ನೀನು ಕೇಳ್ತಾ ಇದೀಯ. ದೇವಲಾಪುರದ ಹತ್ರ ಹಕ್ಕಿಪಿಕ್ಕಿ ಕಾಲೋನಿ, ಮನೆ ನಂಬ್ರು ಒಂಬತ್ತು. ಕಾಡಂಚಲ್ಲ.”

“ಕಸುಬು?”

“ಹಕ್ಕಿ ಹಿಡ್ಯಾದು.”

“ಅದು ಈಗ ಅಪರಾಧ ಕಣಯ್ಯಾ. ಕೂಲಿ ಅಂತ ಬರೆಯಲಾ?”

“ಬ್ಯಾಡ. ಹಕ್ಕಿ ಹಿಡ್ಯಾದು ಅಂತ್ಲೇ ಬರಿ. ಹಿಡ್ದಿದ್ ಬುಡಾದೂ ಅಂತ ಪಕ್ಕದಲ್ ಸೇರ್ಸು.”

ಸುಬ್ರಹ್ಮಣ್ಯ ಎರಡನ್ನೂ ಬರೆದ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದ. ರೈಲು ಬೆಂಚಿನ ಅಂಚಿಗೆ ಸರಿದು, ಬೋರ್ಡು ಓದಿಸಿಕೊಂಡ ದಿನ ಹೇಗೆ ಕೇಳಿದ್ದನೋ ಏನೋ, ಇವತ್ತು ಮಾತ್ರ ಒಂದೊಂದು ಶಬ್ದಕ್ಕೂ ತಲೆದೂಗುತ್ತ ಕೇಳಿಸಿಕೊಂಡ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಒತ್ತುವ ಮೊದಲು ಕೈ ತಡೆದ.

“ಸ್ವಭಾವ ಅಂತ ಕೇಳಾಕಿಲ್ವಾ ಇದ್ರಲ್ಲಿ?”

“ಇಲ್ಲ.”

“ಕೇಳಿದ್ರೆ ಹೇಳ್ತಿದ್ದೆ,” ಎಂದ ರೈಲು. “ನಿರುಪದ್ರವಿ ಅಲ್ಲ ಅಂತ ಬರ್ಕೊ ಅಂತಿದ್ದೆ.”

ಆಮೇಲೆ ಹೆಬ್ಬೆಟ್ಟನ್ನು ಬಲವಾಗಿ ಒತ್ತಿದ.